ಲೊಕೇಶನ್ ಸಿಕ್ತು, ಒಪ್ಪಿಗೆ ಸಿಕ್ತಾ? ವನಗೂರು ಕಡೆ ಜಿಯೋಕ್ಯಾಶಿಂಗ್

ವೀಕೆಂಡ್ ಬಂತು ಅಂದ್ರೆ ಫ್ರೆಂಡ್ಸ್ ಜೊತೆ ಸಕಲೇಶಪುರ ಕಡೆ ಗಾಡಿ ತಿರುಗಿಸೋವ್ರಿಗೆ ಇವತ್ತಿನ ಎಪಿಸೋಡ್. ವಿಷಯ ಜಿಯೋಕ್ಯಾಶಿಂಗ್. ಫೋನ್‌ನ ಜಿಪಿಎಸ್ ನೋಡ್ಕೊಂಡು ನಡೆದು ಹೋಗಿ, ಯಾರೋ ಬಚ್ಚಿಟ್ಟಿರೋ ಡಬ್ಬಿ ಹುಡುಕೋ ಆಟ. ಜಾಗ ಹಾಸನ ಜಿಲ್ಲೆಯ ವನಗೂರು ಸುತ್ತಮುತ್ತ. ಸಕಲೇಶಪುರದಿಂದ ಹೆತ್ತೂರು, ವನಗೂರು, ಬಿಸಿಲೆ ಹಾಯ್ದು ಸುಬ್ರಹ್ಮಣ್ಯಕ್ಕೆ ಇಳಿಯೋ ದಾರಿ ಇದೆಯಲ್ಲ, ಆ ಕಡೆ.

ಆಟ ಹೇಗೆ ಆಡೋದು, ಫೋನ್‌ಗೆ ಜಾಗ ಹೇಗೆ ಗೊತ್ತಾಗತ್ತೆ ಅನ್ನೋದನ್ನ ಮೊದಲು ನೋಡೋಣ. ಆಮೇಲೆ ಈ ಬೆಟ್ಟಸಾಲಿನಲ್ಲಿ ಅದನ್ನ ಆಡೋವಾಗ ಎದುರಾಗೋ ಒಂದು ಪ್ರಶ್ನೆಗೆ ಬರೋಣ. ಒಂದು ಜಾಗದ ಲೊಕೇಶನ್ ನನ್ನ ಫೋನ್‌ನಲ್ಲಿದೆ ಅಂದ ಮಾತ್ರಕ್ಕೆ ನಾನು ಅಲ್ಲಿಗೆ ಹೋಗ್ಬಹುದಾ?

ಇದು ಆ ಕ್ಯಾಶ್ ಅಲ್ಲ

ನಾನು ಬಿ.ಕಾಂ ಓದಿದವನು. ಕ್ಯಾಶ್ ಅಂದ್ರೆ ನನಗೆ ಮೊದಲು ನೆನಪಾಗೋದು ದುಡ್ಡು. ಇಲ್ಲಿರೋ ಕ್ಯಾಶ್ ಬೇರೆ. ಅದು ಫ್ರೆಂಚ್ ಮೂಲದ ಪದ, ಬಚ್ಚಿಡೋದು ಅನ್ನೋ ಅರ್ಥದಿಂದ ಬಂದಿದ್ದು. ಜಿಯೋ ಅಂದ್ರೆ ಭೂಮಿ. ಸಿಮ್ ಕಂಪನಿಗೂ ಇದಕ್ಕೂ ಸಂಬಂಧ ಇಲ್ಲ.

ಆಟ ತುಂಬ ಸಿಂಪಲ್. ಒಬ್ಬರು ನೀರು ಒಳಗೆ ಹೋಗದಂಥ ಡಬ್ಬಿ ತಗೊಂಡು, ಅದರೊಳಗೆ ಒಂದು ಪುಟ್ಟ ನೋಟ್‌ಬುಕ್, ಒಂದು ಪೆನ್ಸಿಲ್ ಹಾಕಿ ಎಲ್ಲೋ ಒಂದು ಕಡೆ ಬಚ್ಚಿಡ್ತಾರೆ. ಆ ಜಾಗದ ಅಕ್ಷಾಂಶ, ರೇಖಾಂಶ ಎರಡನ್ನೂ ವೆಬ್‌ಸೈಟಿಗೆ ಹಾಕ್ತಾರೆ. ಬೇರೆಯವರು ಆ ನಂಬರ್ ಹಿಡ್ಕೊಂಡು ಹುಡ್ಕೊಂಡು ಬರ್ತಾರೆ. ಸಿಕ್ಕಿದ್ರೆ ನೋಟ್‌ಬುಕ್‌ನಲ್ಲಿ ಹೆಸರು, ತಾರೀಖು ಬರೆದು, ಡಬ್ಬಿಯನ್ನ ಮೊದಲು ಎಲ್ಲಿತ್ತೋ ಅಲ್ಲೇ ಇಟ್ಟು ಬರಬೇಕು. ಆಮೇಲೆ ಆ್ಯಪ್‌ನಲ್ಲೂ ಒಂದು ಎಂಟ್ರಿ ಹಾಕ್ಬೇಕು. ಅಕೌಂಟ್ಸ್ ಓದಿದೋರಿಗೆ ಇದು ಡಬಲ್ ಎಂಟ್ರಿ ಇದ್ದಂಗೆ. ಡಬ್ಬಿಯ ಮಾಲೀಕರು ಪುಸ್ತಕದ ಲೆಕ್ಕ, ಆ್ಯಪ್‌ನ ಲೆಕ್ಕ ಎರಡನ್ನೂ ತಾಳೆ ನೋಡಬಹುದು. ಪುಸ್ತಕದಲ್ಲಿ ಹೆಸರಿಲ್ಲ ಅಂದ್ರೆ ಆ್ಯಪ್‌ನಲ್ಲಿ ಹಾಕಿದ್ದನ್ನ ಅವರು ಅಳಿಸಿ ಹಾಕಬಹುದು.

ದೊಡ್ಡ ಡಬ್ಬಿಯಾದ್ರೆ ಒಳಗೆ ಕೀಚೈನು, ಆಟಿಕೆ, ನಾಣ್ಯ ಥರದ ಸಣ್ಣಪುಟ್ಟ ಸಾಮಾನು ಇರತ್ತೆ. ಒಂದನ್ನ ತಗೊಂಡ್ರೆ ಅಷ್ಟೇ ಬೆಲೆಯದ್ದು ಅಥವಾ ಅದಕ್ಕಿಂತ ಹೆಚ್ಚಿನದ್ದು ಇಟ್ಟು ಬರೋದು ಪದ್ಧತಿ. ಪ್ರತಿ ಡಬ್ಬಿಗೂ ಎರಡು ಅಂಕ ಇರತ್ತೆ. ಹುಡುಕೋದು ಎಷ್ಟು ಕಷ್ಟ ಅನ್ನೋದಕ್ಕೆ 1ರಿಂದ 5, ಅಲ್ಲಿಗೆ ಹೋಗೋ ದಾರಿ ಎಷ್ಟು ಕಷ್ಟ ಅನ್ನೋದಕ್ಕೆ 1ರಿಂದ 5. ಎರಡೂ 1 ಇದ್ರೆ ಪಾರ್ಕ್‌ನಲ್ಲಿ ವಾಕ್ ಮಾಡಿದಂಗೆ. ಎರಡೂ 5 ಇದ್ರೆ ವಿಶೇಷ ಸಲಕರಣೆ ಬೇಕಾಗಬಹುದು.

ಒಂದು ಬೀನ್ಸ್ ಡಬ್ಬ, ಒಂದು ಬಕೆಟ್

ಈ ಆಟ ಶುರುವಾದ ತಾರೀಖು ನಿಖರವಾಗಿ ಗೊತ್ತಿದೆ. ಜಿಪಿಎಸ್ ಅಮೆರಿಕದ ಸೇನೆಯ ವ್ಯವಸ್ಥೆ. ಜನಸಾಮಾನ್ಯರಿಗೆ ಸಿಗೋ ಸಿಗ್ನಲ್‌ನಲ್ಲಿ ಅವರು ಬೇಕಂತಲೇ ತಪ್ಪು ಬೆರೆಸಿ ಕೊಡ್ತಾ ಇದ್ರು. ಹಾಗಾಗಿ ಸುಮಾರು 100 ಮೀಟರ್ ತನಕ ಆಚೀಚೆ ತೋರಿಸ್ತಾ ಇತ್ತು. 2000ದ ಮೇ 1ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಇದನ್ನ ನಿಲ್ಲಿಸೋದಾಗಿ ಹೇಳಿದ್ರು. ಅದೇ ರಾತ್ರಿ ನಿಲ್ಲಿಸಿದ್ರು. ಬೆಳಗಾಗೋದ್ರೊಳಗೆ ಜಗತ್ತಿನ ಅಷ್ಟೂ ಜಿಪಿಎಸ್ ರಿಸೀವರ್‌ಗಳು ಹಲವು ಪಟ್ಟು ಚುರುಕಾದವು.

ಮೇ 3ರಂದು ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ರ ಡೇವ್ ಉಲ್ಮರ್ ಅನ್ನೋರು ಇದನ್ನ ಪರೀಕ್ಷೆ ಮಾಡೋಕೆ ಒಂದು ಬಕೆಟ್ ಬಚ್ಚಿಟ್ರು. ಅದರೊಳಗೆ ಪುಸ್ತಕ, ವಿಡಿಯೋ, ಸಾಫ್ಟ್‌ವೇರ್, ಒಂದು ಕವಣೆ, ಒಂದು ಡಬ್ಬ ಬೀನ್ಸ್ ಇತ್ತು. ಜಾಗದ ನಂಬರ್‌ಗಳನ್ನ ಇಂಟರ್‌ನೆಟ್‌ನಲ್ಲಿ ಹಾಕಿದ್ರು. ಮೂರು ದಿನದೊಳಗೆ ಇಬ್ಬರು ಅದನ್ನ ಹುಡುಕಿದ್ರು.

ಮೊದಲು ಈ ಆಟಕ್ಕೆ ಇದ್ದ ಹೆಸರಿನಲ್ಲಿ ಸ್ಟ್ಯಾಶ್ ಅನ್ನೋ ಪದ ಇತ್ತು. ಕದ್ದು ಬಚ್ಚಿಟ್ಟ ಮಾಲು ಅನ್ನೋ ಕೆಟ್ಟ ವಾಸನೆ ಆ ಪದಕ್ಕೆ ಇದೆ, ಬೇಡ ಅಂತ ಆಡೋವ್ರೇ ಮಾತಾಡ್ಕೊಂಡು ಅದೇ ತಿಂಗಳ ಕೊನೆಗೆ ಜಿಯೋಕ್ಯಾಶಿಂಗ್ ಅಂತ ಹೆಸರು ಕೊಟ್ರು. ಈ ವಿಷಯ ನೆನಪಿಟ್ಕೊಳ್ಳಿ, ವನಗೂರಿಗೆ ಬಂದಾಗ ಬೇಕಾಗತ್ತೆ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಜಿಯೋಕ್ಯಾಶಿಂಗ್ ಡಾಟ್ ಕಾಮ್ ಶುರುವಾಯ್ತು. ಇವತ್ತು ಪ್ರಪಂಚದಲ್ಲಿ 30 ಲಕ್ಷಕ್ಕೂ ಹೆಚ್ಚು ಕ್ಯಾಶ್‌ಗಳಿವೆ. ಆ್ಯಪ್ ತೆಗೆದು ಯುರೋಪ್ ನೋಡಿದ್ರೆ ಅಕ್ಕಿ ಚೆಲ್ಲಿದಂಗೆ ಚುಕ್ಕಿಗಳು. ಭಾರತಕ್ಕೆ ಬಂದ್ರೆ ತುಂಬ ವಿರಳ.

ಹಾಸನದ ನಂಟು

ಈಗ ಫೋನ್‌ಗೆ ಬರೋಣ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ದಿನಕ್ಕೆ ಎರಡು ಸುತ್ತು ಹೊಡೀತಾ ಇರತ್ತೆ. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರ ಇದೆ. 'ನಾನು ಇಲ್ಲಿದ್ದೀನಿ, ಈಗ ಟೈಮ್ ಇಷ್ಟು' ಅಂತ ಅವು ಹೇಳ್ತಾನೇ ಇರತ್ತೆ. ನಿಮ್ಮ ಫೋನ್ ಅದನ್ನ ಬರೀ ಕೇಳಿಸ್ಕೊಳ್ಳತ್ತೆ. ಸಂದೇಶ ತಲುಪೋಕೆ ಎಷ್ಟು ಹೊತ್ತು ಹಿಡೀತು ಅನ್ನೋದರಿಂದ ದೂರ ಲೆಕ್ಕ ಹಾಕತ್ತೆ. ಕನಿಷ್ಠ ನಾಲ್ಕು ಉಪಗ್ರಹ ಸಿಕ್ಕಿದ್ರೆ ಜಾಗ ಗೊತ್ತಾಗತ್ತೆ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ಟೈಮ್ ತಪ್ಪಿದ್ರೂ ದೂರದಲ್ಲಿ 300 ಮೀಟರ್ ವ್ಯತ್ಯಾಸ ಬರತ್ತೆ. ಅಷ್ಟು ಸೂಕ್ಷ್ಮ.

ಇದರಿಂದ ಎರಡು ವಿಷಯ ಗೊತ್ತಾಗತ್ತೆ. ಒಂದು, ನೆಟ್‌ವರ್ಕ್ ಇಲ್ಲದಿದ್ರೂ ಜಿಪಿಎಸ್ ಕೆಲಸ ಮಾಡತ್ತೆ. ವನಗೂರು ಕಡೆ ಟವರ್ ಕಡ್ಡಿ ಬಂದು ಹೋಗ್ತಾ ಇರತ್ತೆ, ಆದ್ರೆ ನೀಲಿ ಚುಕ್ಕಿ ಇರತ್ತೆ. ಮ್ಯಾಪ್ ಮಾತ್ರ ಮೊದಲೇ ಆಫ್‌ಲೈನ್ ಡೌನ್‌ಲೋಡ್ ಮಾಡಿರಬೇಕು, ಇಲ್ಲದಿದ್ರೆ ಖಾಲಿ ಹಾಳೆ ಮೇಲೆ ಚುಕ್ಕಿ ನೋಡ್ತಾ ನಿಂತ್ಕೋಬೇಕಾಗತ್ತೆ. ಎರಡು, ಬಯಲಲ್ಲಿ ನಿಂತ್ರೆ ಫೋನ್ ಸುಮಾರು 5 ಮೀಟರ್ ಅಂತರದಲ್ಲಿ ಜಾಗ ತೋರಿಸತ್ತೆ. ಸಿಲ್ವರ್ ಓಕ್, ಹಲಸು, ಅತ್ತಿ ಮರ ಮುಚ್ಕೊಂಡಿರೋ ಕಾಫಿ ತೋಟದೊಳಗೆ ಹೋದ್ರೆ ವ್ಯತ್ಯಾಸ ಇನ್ನೂ ಹೆಚ್ಚಾಗತ್ತೆ. ಹಾಗಾಗಿ ಕೊನೆಯ ಹತ್ತು ಹೆಜ್ಜೆಯಲ್ಲಿ ಫೋನ್ ಜೇಬಿಗೆ ಹಾಕಿ ಕಣ್ಣು ಬಿಟ್ಟು ನೋಡಬೇಕು. ಆಟದ ಮಜಾ ಇರೋದೇ ಅಲ್ಲಿ.

ಇದರಲ್ಲಿ ಹಾಸನದ ಪಾಲೂ ಇದೆ. ನಮ್ಮ ದೇಶಕ್ಕೂ ಸ್ವಂತ ದಾರಿ ತೋರಿಸೋ ಉಪಗ್ರಹ ವ್ಯವಸ್ಥೆ ಇದೆ, ಹೆಸರು ನಾವಿಕ್. ಇದರ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಇವನ್ನ ನೆಲದಿಂದ ನಿಯಂತ್ರಿಸೋ ಕೇಂದ್ರಗಳಲ್ಲಿ ಒಂದು ಹಾಸನದಲ್ಲೇ ಇದೆ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ಜನ ಎಂಸಿಎಫ್ ಅಂತಾರೆ. ಇತ್ತೀಚಿನ ಹಲವು ಫೋನ್‌ಗಳು ಜಿಪಿಎಸ್ ಜೊತೆ ನಾವಿಕ್ ಸಿಗ್ನಲನ್ನೂ ಹಿಡಿಯತ್ತೆ. ಹಾಸನ ಸಿಟಿ ದಾಟಿ ಸಕಲೇಶಪುರಕ್ಕೆ ಹೋಗೋವಾಗ ಒಮ್ಮೆ ನೆನಪು ಮಾಡ್ಕೊಳ್ಳಿ.

ಹೊಸಬರಿಗೆ ಒಂದು ಎಚ್ಚರಿಕೆ. ಲೊಕೇಶನ್ ನಂಬರನ್ನ ಎರಡು ಥರ ಬರೀತಾರೆ. ಸಕಲೇಶಪುರ ಪಟ್ಟಣ ಸುಮಾರು 12.94 ಡಿಗ್ರಿ ಉತ್ತರ, 75.78 ಡಿಗ್ರಿ ಪೂರ್ವ. ಜಿಯೋಕ್ಯಾಶಿಂಗ್‌ನಲ್ಲಿ ಇದನ್ನೇ 12 ಡಿಗ್ರಿ 56.4 ನಿಮಿಷ, 75 ಡಿಗ್ರಿ 46.8 ನಿಮಿಷ ಅಂತ ಬರೀತಾರೆ. ಒಂದು ಡಿಗ್ರಿಗೆ 60 ನಿಮಿಷ, ಗಡಿಯಾರದ ಲೆಕ್ಕದ ಥರ. ಇದನ್ನ ಮ್ಯಾಪ್‌ನಲ್ಲಿ 12.564, 75.468 ಅಂತ ಟೈಪ್ ಮಾಡಿದ್ರೆ ಫೋನ್ ಸುಮ್ನೆ ಒಪ್ಕೊಂಡು ನಿಮ್ಮನ್ನ 50 ಕಿ.ಮೀ.ಗಿಂತ ಆಚೆ, ಘಟ್ಟದ ಕೆಳಗೆ ಸುಳ್ಯದ ಕಡೆ ಕರ್ಕೊಂಡು ಹೋಗತ್ತೆ. ಹೊರಡೋ ಮುಂಚೆ ಪಿನ್ ಯಾವ ತಾಲ್ಲೂಕಿನಲ್ಲಿ ಬಿದ್ದಿದೆ ಅಂತ ಒಮ್ಮೆ ನೋಡಿ.

ಮ್ಯಾಪ್‌ನಲ್ಲಿ ಹಸಿರು, ನೆಲದ ಮೇಲೆ ಜನ

ಈಗ ಶುರುವಲ್ಲಿ ಕೇಳಿದ ಪ್ರಶ್ನೆಗೆ ಬರೋಣ.

ವನಗೂರು ಸುತ್ತ ಸ್ಯಾಟಲೈಟ್ ಮ್ಯಾಪ್ ಹಾಕಿ ನೋಡಿ. ಬರೀ ಹಸಿರು. ಪೇಟೆಯವರ ಕಣ್ಣಿಗೆ ಅದು ಖಾಲಿ ಜಾಗ. ನೆಲದ ಮೇಲೆ ನಿಂತ್ರೆ ಕಥೆ ಬೇರೆ. ಈ ಹಸಿರು ಒಬ್ಬರ ಕಾಫಿ ತೋಟ, ಆ ಹಸಿರು ಇನ್ನೊಬ್ಬರ ಏಲಕ್ಕಿ, ಅದರ ಪಕ್ಕದ್ದು ಮೀಸಲು ಅರಣ್ಯ, ನಡುವೆ ದೇವರ ಬನ, ಕೆಳಗೆ ಗದ್ದೆ, ಮೇಲೆ ದನ ಮೇಯೋ ಹುಲ್ಲುಗುಡ್ಡ. ಒಂದೊಂದಕ್ಕೂ ಒಬ್ಬ ಯಜಮಾನ, ಒಂದೊಂದಕ್ಕೂ ಒಂದು ಕಟ್ಟುಪಾಡು. ಅಕ್ಷಾಂಶ ರೇಖಾಂಶ ಇದ್ಯಾವುದನ್ನೂ ಹೇಳಲ್ಲ. ಅದು 'ಎಲ್ಲಿ' ಅನ್ನೋದನ್ನ ಮಾತ್ರ ಹೇಳತ್ತೆ. ಯಾರದ್ದು, ಯಾವ ಹೊತ್ತಲ್ಲಿ ಹೋಗ್ಬಹುದು, ಅಲ್ಲಿ ಇನ್ಯಾರು ಓಡಾಡ್ತಾರೆ ಅನ್ನೋದನ್ನ ನಾವೇ ಕೇಳ್ಕೋಬೇಕು.

ಹೊರದೇಶದಲ್ಲಿ ಈ ಆಟಕ್ಕೆ ಒಂದು ರೂಢಿ ಇದೆ. ಆಟ ಗೊತ್ತಿಲ್ಲದ ಜನರನ್ನ ಹ್ಯಾರಿ ಪಾಟರ್ ಕಥೆಯಿಂದ ತಗೊಂಡ ಪದದಲ್ಲಿ ಮಗಲ್ ಅಂತಾರೆ. ಮಗಲ್‌ಗಳಿಗೆ ಕಾಣದಂಗೆ ಹುಡುಕಬೇಕು, ಕಾಣದಂಗೆ ವಾಪಸ್ ಇಡಬೇಕು. ಲಂಡನ್ ಪಾರ್ಕ್‌ನಲ್ಲಿ ಅದು ಜಾಣತನ. ಅಲ್ಲೂ ಒಮ್ಮೊಮ್ಮೆ ಎಡವಟ್ಟಾಗತ್ತೆ. 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಅನ್ನೋ ಊರಲ್ಲಿ ಒಂದು ಕ್ಯಾಶ್ ಡಬ್ಬಿಯನ್ನ ಬಾಂಬ್ ಅಂದ್ಕೊಂಡು ಸೇನೆಯ ಬಾಂಬ್ ತಂಡ ಬಂದು ಸ್ಫೋಟಿಸಿತ್ತು. ನಮ್ಮ ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್‌ಗಳಲ್ಲಿ 'ವಾರಸುದಾರರಿಲ್ಲದ ವಸ್ತುಗಳನ್ನು ಮುಟ್ಟಬೇಡಿ' ಅನ್ನೋ ಅನೌನ್ಸ್‌ಮೆಂಟ್ ಕೇಳಿ ಬೆಳೆದೋರು ನಾವು. ಕ್ಯಾಶ್ ಡಬ್ಬಿ ಅಂದ್ರೆ ಅಕ್ಷರಶಃ ಅದೇ.

ವನಗೂರು ಕಡೆ ಬಚ್ಚಿಟ್ಕೊಂಡು ಆಡಿದ್ರೆ ಎರಡು ಥರ ಅನುಮಾನ ಬರತ್ತೆ. ಡಿಸೆಂಬರ್‌ನಿಂದ ಮಾರ್ಚ್ ತನಕ ಕಾಫಿ ಕೊಯ್ಲು. ಕಣದಲ್ಲಿ ಕಾಫಿ ಒಣಗ್ತಾ ಇರತ್ತೆ, ಕಾಫಿ ಕಳ್ಳತನದ ಭಯ ತೋಟದವರಿಗೆ ಇದ್ದೇ ಇದೆ. ಅಂಥ ಹೊತ್ತಲ್ಲಿ ಗುರುತಿಲ್ಲದ ನಾಲ್ಕು ಹುಡುಗರು ಬೇಲಿ ಪಕ್ಕ ಬಗ್ಗಿ ಬಗ್ಗಿ ನೋಡ್ತಾ ಇದ್ರೆ ರೈಟರ್ ಏನಂದ್ಕೋಬೇಕು? ತೋಟದಲ್ಲಿ ರೈಟರ್ ಅಂದ್ರೆ ಕಥೆ ಬರೆಯೋವ್ರಲ್ಲ, ಆಳುಗಳ ಲೆಕ್ಕ ಇಡೋವ್ರು.

ಎರಡನೇದು ಇನ್ನೂ ಸೂಕ್ಷ್ಮ. ನಿಧಿಗಳ್ಳರು. ಹಳೇ ಗುಡಿ, ವೀರಗಲ್ಲು, ಮಾಸ್ತಿಕಲ್ಲು ಕಂಡಲ್ಲೆಲ್ಲ ರಾತ್ರೋರಾತ್ರಿ ಅಗೆದು ಹೋಗೋ ಗುಂಪುಗಳ ಸುದ್ದಿ ಕರ್ನಾಟಕದಲ್ಲಿ ಹೊಸದೇನಲ್ಲ. ನೀವು ಊರಿನ ಕಲ್ಲಿನ ಪಕ್ಕ ಫೋನ್ ಹಿಡ್ಕೊಂಡು ನಿಂತು, ಕೇಳಿದವರಿಗೆ 'ಟ್ರೆಷರ್ ಹಂಟ್' ಅಂತ ನಗ್ತಾ ಹೇಳಿದ್ರೆ ಅವರಿಗೆ ಕೇಳಿಸೋದು ಒಂದೇ ಪದ, ನಿಧಿ. ಅಮೆರಿಕದಲ್ಲಿ ಕೆಟ್ಟ ಅರ್ಥ ಬರತ್ತೆ ಅಂತ ಹೆಸರನ್ನೇ ಬದಲಾಯಿಸಿದ್ರು ಅಂದೆನಲ್ಲ, ನಾವೂ ಊರಲ್ಲಿ ಆ ಪದ ಬಿಡಬೇಕು. 'ಒಂದು ಡಬ್ಬಿಯಲ್ಲಿ ಪುಸ್ತಕ ಇಟ್ಟಿದ್ದೀವಿ, ಹುಡುಕಿದವರು ಹೆಸರು ಬರೀತಾರೆ, ಆಟ ಅಷ್ಟೇ' ಅಂದ್ರೆ ಯಾರಿಗೂ ಅರ್ಥ ಆಗತ್ತೆ. ಡಬ್ಬಿಯನ್ನ ನೆಲದಲ್ಲಿ ಹೂಳಬಾರದು ಅನ್ನೋದು ಜಿಯೋಕ್ಯಾಶಿಂಗ್‌ನ ಅಧಿಕೃತ ನಿಯಮವೂ ಹೌದು. ಗುದ್ದಲಿ, ಪಿಕಾಸಿಗೆ ಈ ಆಟದಲ್ಲಿ ಕೆಲಸ ಇಲ್ಲ.

ಇಲ್ಲಿ ಇನ್ನೊಬ್ಬರು ಓಡಾಡ್ತಾರೆ

ಸಕಲೇಶಪುರ, ಆಲೂರು ಅಂದ್ರೆ ರಾಜ್ಯದಲ್ಲಿ ಆನೆ ಮತ್ತು ಮನುಷ್ಯರ ಸಂಘರ್ಷ ತುಂಬ ಹೆಚ್ಚಿರೋ ಜಾಗಗಳಲ್ಲಿ ಒಂದು. ಮೈಸೂರು ದಸರಾದಲ್ಲಿ ಎಂಟು ಸಲ ಅಂಬಾರಿ ಹೊತ್ತ ಅರ್ಜುನ ಸತ್ತಿದ್ದು ಇದೇ ತಾಲ್ಲೂಕಿನ ಯಸಳೂರು ವಲಯದಲ್ಲಿ, 2023ರ ಡಿಸೆಂಬರ್ 4ರಂದು, ಕಾಡಾನೆ ಹಿಡಿಯೋ ಕಾರ್ಯಾಚರಣೆ ವೇಳೆ ಇನ್ನೊಂದು ಸಲಗದ ಜೊತೆ ಕಾದಾಡಿ. ಪಳಗಿದ, ಅಷ್ಟು ಅನುಭವ ಇದ್ದ ಆನೆಗೇ ಹಾಗಾಯ್ತು ಅಂದ್ರೆ ನಾವೆಷ್ಟರವರು.

ಆನೆ ಕಾಡಲ್ಲಿ ಮಾತ್ರ ಇರತ್ತೆ ಅಂದ್ಕೋಬೇಡಿ. ಈ ಭಾಗದಲ್ಲಿ ಎಷ್ಟೋ ಆನೆಗಳು ಹಗಲು ಕಾಫಿ ತೋಟದ ನೆರಳಲ್ಲಿ ನಿಂತಿದ್ದು, ಕತ್ತಲಾದ್ಮೇಲೆ ಗದ್ದೆಗೆ ಇಳಿಯತ್ತೆ. ಕಾಫಿ ಗಿಡ ಆಳೆತ್ತರ ಇರತ್ತೆ. ಹತ್ತು ಹದಿನೈದು ಮೀಟರ್ ಹತ್ರ ಹೋಗೋ ತನಕ ಆನೆ ಇದೆ ಅಂತಲೇ ಗೊತ್ತಾಗದೇ ಇರಬಹುದು. ಫೋನ್ ಸ್ಕ್ರೀನ್ ನೋಡ್ತಾ ನಡೆಯೋವ್ನಿಗಂತೂ ಗೊತ್ತಾಗೋದೇ ಇಲ್ಲ.

ಇಲ್ಲಿನ ಜನರ ಫೋನ್‌ಗೆ ಬರೋ ಲೊಕೇಶನ್ ಬೇರೆ ಥರದ್ದು. ಆನೆ ಗುಂಪು ಯಾವ ಊರಿನ ಹತ್ರ, ಯಾವ ತೋಟದಲ್ಲಿದೆ ಅನ್ನೋ ಮಾಹಿತಿ ಎಸ್‌ಎಂಎಸ್, ವಾಟ್ಸಾಪ್ ಗ್ರೂಪ್‌ಗಳಲ್ಲಿ ಬರತ್ತೆ. ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಹಾಕಿದ್ದಾರೆ. ಆನೆ ಕಾರ್ಯಪಡೆ ಸಿಬ್ಬಂದಿ ಹೆಜ್ಜೆ ಹಿಡಿದು ಓಡಾಡ್ತಾರೆ. ಬೆಳಿಗ್ಗೆ ಮಕ್ಕಳನ್ನ ಸ್ಕೂಲಿಗೆ ಕಳಿಸೋದಾ, ಆಳುಗಳನ್ನ ಯಾವ ತಾಕಿಗೆ ಬಿಡೋದು ಅನ್ನೋದು ಆ ಮೆಸೇಜ್ ನೋಡಿ ತೀರ್ಮಾನ ಆಗತ್ತೆ. ಅದೇ ಉಪಗ್ರಹ, ಅದೇ ಫೋನ್. ನಮಗೆ ಆಟ, ಅವರಿಗೆ ಜೀವದ ಪ್ರಶ್ನೆ. ಆ ಮೆಸೇಜ್ ಅವರ ಫೋನ್‌ನಲ್ಲಿದೆ, ನಮ್ಮ ಆ್ಯಪ್‌ನಲ್ಲಿಲ್ಲ. ಹಾಗಾಗಿ ಅವರನ್ನ ಕೇಳದೇ ನಡೆಯೋಕೆ ಆಗಲ್ಲ.

ನಮ್ಮ ಗ್ಯಾಂಗ್‌ನಲ್ಲಿ ಐದು ಜನ. ಒಬ್ಬನ ಮನೆ ತೋಟ ಈ ಕಡೆಗಿದೆ. ಹೋದ ಸಲ ಡಬ್ಬಿ ಹಿಡ್ಕೊಂಡು ಹೊರಟಾಗ ಅವನ ದೊಡ್ಡಪ್ಪ ಜಗಲಿ ಮೇಲೆ ಕೂತು ಒಂದೇ ಮಾತಲ್ಲಿ ಮುಗಿಸಿದ್ರು: "ಆಡ್ಕಳ್ರಪ್ಪ, ಬ್ಯಾಡ ಅಂದೋರು ಯಾರು. ಕೆರೆ ಏರಿ ಕಡೆ ಮಾತ್ರ ಹೋಗ್‌ಬ್ಯಾಡಿ, ಬೆಳಿಗ್ಗೆ ಹಸಿ ಲದ್ದಿ ಬಿದ್ದಿತ್ತು." ನಾವು ಡಬ್ಬಿಯನ್ನ ಮನೆ ಮೇಲಿನ ತಾಕಿಗೆ ತಗೊಂಡು ಹೋದ್ವಿ. ಯಾವ ಆ್ಯಪ್ ಕೊಡತ್ತೆ ಇಂಥ ಅಪ್‌ಡೇಟ್?

ಕಾಡು, ಹಳಿ, ಕಾನೂನು

ತೋಟದವರು ಒಪ್ಪಿದ್ರೆ ತೋಟದಲ್ಲಿ ಆಡಬಹುದು. ಕಾಡಿಗೆ ಹಾಗಲ್ಲ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ನುಗ್ಗೋದು ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ವನ್ಯಜೀವಿಧಾಮ ಆದ್ರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರತ್ತೆ. ಬಿಸಿಲೆ ವ್ಯೂ ಪಾಯಿಂಟ್‌ನಲ್ಲಿ ನಿಂತ್ರೆ ಎದುರಿಗೆ ಕಾಣೋ ಪುಷ್ಪಗಿರಿ ವನ್ಯಜೀವಿಧಾಮ, 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಒಂದು. ಅಂಥ ಕಡೆ ಪ್ಲಾಸ್ಟಿಕ್ ಡಬ್ಬಿ ಬಿಟ್ಟು ಬರೋದನ್ನ ಯಾವ ಹೆಸರಿಂದ ಕರೆದ್ರೂ ಅದು ಕಸವೇ.

ಒಂದು ಪಿನ್ ಏನು ಮಾಡತ್ತೆ ಅನ್ನೋದಕ್ಕೆ ಉದಾಹರಣೆ ಪಕ್ಕದಲ್ಲೇ ಇದೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ಬಂದ್ರು. ಆ ವಿಡಿಯೋ ನೀವೂ ನೋಡಿರ್ತೀರಿ. ಅದಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನ ನಿಲ್ಲಿಸಿತು, ಅದೇ ವರ್ಷ ಅರಣ್ಯ ವಿಹಾರ ಅನ್ನೋ ಬುಕಿಂಗ್ ವೆಬ್‌ಸೈಟ್ ಬಂತು. ಯಾರೂ ಕೆಟ್ಟ ಮನಸ್ಸಿನಿಂದ ಬಂದಿರಲಿಲ್ಲ. ಎಲ್ಲರ ಫೋನ್‌ನಲ್ಲೂ ಒಂದೇ ಲೊಕೇಶನ್ ಇತ್ತು, ಅಷ್ಟೇ. ವನಗೂರು ಹತ್ರದ ಪಟ್ಲ ಬೆಟ್ಟದ ಥರದ ಜಾಗಗಳೂ ರೀಲ್ಸ್‌ನಲ್ಲಿ ಓಡಾಡ್ತಿವೆ. ಅಂಥ ಹುಲ್ಲುಗುಡ್ಡಕ್ಕೆ ಇನ್ನೊಂದು ಪಿನ್ ಸೇರಿಸೋ ಮುಂಚೆ ಎರಡು ಸಲ ಯೋಚನೆ ಮಾಡಿ.

ಸಕಲೇಶಪುರ, ಸುಬ್ರಹ್ಮಣ್ಯ ನಡುವಿನ ರೈಲು ಹಳಿ ಇನ್ನೊಂದು. 57 ಸುರಂಗ ಇರೋ ಈ ಘಾಟಿಯಲ್ಲಿ ದೋಣಿಗಲ್, ಎಡಕುಮೇರಿ ಕಡೆ ಹಳಿ ಮೇಲೆ ನಡೆಯೋ ಹುಚ್ಚು ಒಂದು ಕಾಲದಲ್ಲಿ ಜೋರಾಗಿತ್ತು. ಈಗಲೂ ಹಳೇ ಬ್ಲಾಗ್‌ಗಳಲ್ಲಿ ದಾರಿ ಸಿಗತ್ತೆ. ಮಾಡಬೇಡಿ. ರೈಲ್ವೆ ಕಾಯ್ದೆ 147ನೇ ಸೆಕ್ಷನ್ ಪ್ರಕಾರ ಹಳಿಗೆ ಅತಿಕ್ರಮ ಪ್ರವೇಶ ಮಾಡಿದ್ರೆ ಆರು ತಿಂಗಳ ತನಕ ಜೈಲು, 1,000 ರೂಪಾಯಿ ತನಕ ದಂಡ, ಅಥವಾ ಎರಡೂ. ಕಾನೂನು ಬಿಡಿ, ಸುರಂಗದ ಮಧ್ಯೆ ರೈಲು ಬಂದ್ರೆ ಪಕ್ಕಕ್ಕೆ ಸರಿಯೋ ಜಾಗವೇ ಸಿಗದೇ ಇರಬಹುದು.

ಹೊರದೇಶದಿಂದ ಬರೋ ಫ್ರೆಂಡ್ಸ್ ಇದ್ರೆ ಇನ್ನೊಂದು ಮಾತು ಹೇಳಿಡಿ. ಜಿಪಿಎಸ್ ಬರೀ ಕೇಳಿಸ್ಕೊಳ್ಳೋ ಸಾಧನ, ಅದಕ್ಕೆ ತೊಂದರೆ ಇಲ್ಲ. ಆದ್ರೆ ಸ್ಯಾಟಲೈಟ್ ಫೋನು, ಉಪಗ್ರಹದ ಮೂಲಕ ಮೆಸೇಜ್ ಕಳಿಸೋ ಯಂತ್ರ ಇವನ್ನ ಟೆಲಿಕಾಂ ಇಲಾಖೆ ಅನುಮತಿ ಇಲ್ಲದೆ ಭಾರತದಲ್ಲಿ ಇಟ್ಕೊಳ್ಳೋ ಹಾಗಿಲ್ಲ.

ಡಬ್ಬಿಯೇ ಇಲ್ಲದ ಕ್ಯಾಶ್

ಹಾಗಾದ್ರೆ ಆಡೋದೇ ಬೇಡ್ವಾ? ಖಂಡಿತ ಆಡಿ. ಈ ಆಟದಲ್ಲೇ ನಮ್ಮ ಮಲೆನಾಡಿಗೆ ಹೇಳಿ ಮಾಡಿಸಿದಂಥ ಒಂದು ಬಗೆ ಇದೆ, ಅರ್ಥ್‌ಕ್ಯಾಶ್. 2004ರಲ್ಲಿ ಶುರುವಾಯ್ತು, ಅಮೆರಿಕದ ಭೂವಿಜ್ಞಾನ ಸಂಘ ಇದರ ಹಿಂದಿದೆ. ಇದರಲ್ಲಿ ಡಬ್ಬಿ ಇರಲ್ಲ. ಒಂದು ಜಾಗಕ್ಕೆ ಹೋಗ್ತೀರಿ, ಅಲ್ಲಿನ ಕಲ್ಲು, ಮಣ್ಣು, ನೀರಿನ ಬಗ್ಗೆ ಎರಡು ಮೂರು ಪ್ರಶ್ನೆ ಇರತ್ತೆ, ಅಲ್ಲಿ ನಿಂತು ನೋಡಿದ್ರೆ ಮಾತ್ರ ಉತ್ತರ ಸಿಗತ್ತೆ. ಉತ್ತರವನ್ನ ಕ್ಯಾಶ್ ಮಾಡಿದವರಿಗೆ ಕಳಿಸ್ತೀರಿ. ಬಿಟ್ಟು ಬರೋದು ಏನೂ ಇಲ್ಲ.

ಇದಕ್ಕೆ ಹೇಳಿ ಮಾಡಿಸಿದ ಜಾಗ ಬಿಸಿಲೆ ದಾರಿಯಲ್ಲಿ, ಮಂಕನಹಳ್ಳಿಯಲ್ಲಿದೆ. ರಸ್ತೆ ಪಕ್ಕದಲ್ಲೇ ಒಂದು ಕಲ್ಲು. ನಡುವೆ ರಿಡ್ಜ್ ಅಂತ ಬರೆದಿದೆ, ಅಂದ್ರೆ ಬೆಟ್ಟದ ಏಣು. ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಅರಬ್ಬಿ ಸಮುದ್ರ. ಬ್ರಿಟಿಷರ ಕಾಲದ ಕಲ್ಲು ಅಂತಾರೆ. ಕಲ್ಲಿನ ಪೂರ್ವಕ್ಕೆ ಬಿದ್ದ ಮಳೆ ಹೇಮಾವತಿ ಸೇರಿ, ಗೊರೂರು ದಾಟಿ, ಕಾವೇರಿಯಾಗಿ ತಮಿಳುನಾಡಿನ ತನಕ ಹೋಗತ್ತೆ. ಪಶ್ಚಿಮಕ್ಕೆ ಬಿದ್ದ ಮಳೆ ಕುಮಾರಧಾರಾ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡಿ, ಮಂಗಳೂರಲ್ಲಿ ಸಮುದ್ರ ಸೇರತ್ತೆ. ಎರಡು ಹೆಜ್ಜೆ ಅಂತರ, ಎರಡು ಸಮುದ್ರ. ಇಲ್ಲಿ ನಿಂತು ನೀರು ಯಾವ ಕಡೆ ಹರಿಯತ್ತೆ, ಇಳಿಜಾರು ಯಾವ ಕಡೆ ಕಡಿದಾಗಿದೆ, ಯಾಕೆ ಅಂತ ಕೇಳಿದ್ರೆ ಆಯ್ತು, ಪಶ್ಚಿಮ ಘಟ್ಟದ ಪಾಠ ಅರ್ಧ ಮುಗೀತು. ಬೇಲಿ ಹಾರಬೇಕಿಲ್ಲ, ಕಾಡಿಗೆ ನುಗ್ಗಬೇಕಿಲ್ಲ.

ಇನ್ನೊಂದು ಮಂಜರಾಬಾದ್ ಕೋಟೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ನೆಲದ ಮೇಲೆ ನಿಂತ್ರೆ ಆ ಆಕಾರ ಪೂರ್ತಿ ಕಾಣಲ್ಲ, ಫೋನ್‌ನಲ್ಲಿ ಸ್ಯಾಟಲೈಟ್ ನೋಟ ತೆಗೆದ್ರೆ ಬರೆದಿಟ್ಟಂಗೆ ಕಾಣತ್ತೆ. ಅಲ್ಲಿ ಫ್ರೆಂಡ್ಸ್ ನಡುವೆ ಒಂದು ಆಟ ಆಡಿ: ಮ್ಯಾಪ್ ನೋಡಿ ಒಂದು ಮೂಲೆ ಆರಿಸಿ, ನೆಲದ ಮೇಲೆ ಅದೇ ಮೂಲೆ ಹುಡುಕಿ ಅಲ್ಲಿಂದ ಏನು ಕಾಣತ್ತೆ ಅಂತ ಫೋಟೋ ತೆಗೆದು ತೋರಿಸಿ. ಗೋಡೆ ಹತ್ತೋದು, ಸಂದಿಯಲ್ಲಿ ಡಬ್ಬಿ ತುರುಕೋದು ಬೇಡ. ಮಳೆಗಾಲದಲ್ಲಿ ಕಲ್ಲು ಪಾಚಿ ಕಟ್ಟಿರತ್ತೆ, ಜಾರತ್ತೆ.

ಡಬ್ಬಿ ಬೇಕೇ ಬೇಕು ಅಂದ್ರೆ

ಡಬ್ಬಿ ಇಟ್ಟು ಆಡೋದಾದ್ರೆ ವೆಬ್‌ಸೈಟಿಗೆ ಹಾಕದೆ ನಿಮ್ಮ ಗುಂಪಿನೊಳಗೇ ಆಡಿ. ಅಧಿಕೃತವಾಗಿ ಹಾಕೋಕೆ ಕೆಲವು ಷರತ್ತುಗಳಿವೆ. ಜಾಗದ ಮಾಲೀಕರ ಒಪ್ಪಿಗೆ ಬೇಕು. ಎರಡು ಕ್ಯಾಶ್ ನಡುವೆ 161 ಮೀಟರ್ ಅಂತರ ಬೇಕು. ಸ್ವಯಂಸೇವಕರು ಪರಿಶೀಲನೆ ಮಾಡಿ ಒಪ್ಪಬೇಕು. ಮುಖ್ಯವಾಗಿ, ಡಬ್ಬಿ ಇಟ್ಟವರು ಆಗಾಗ ಹೋಗಿ ನೋಡ್ಕೊಳ್ಳೋಕೆ ಆಗ್ಬೇಕು. ಟೂರಿಗೆ ಬಂದು ಇಟ್ಟು ಹೋಗೋದನ್ನ ಅವರು ಒಪ್ಪಲ್ಲ. ಬೆಂಗಳೂರಿನಿಂದ ಬಂದು ವನಗೂರಲ್ಲಿ ಇಟ್ರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಸುರಿಯೋ ಮಳೆಯಲ್ಲಿ ಆ ಪುಸ್ತಕಕ್ಕೆ ಬೂಸ್ಟು ಹಿಡಿಯತ್ತೆ. ನೋಡ್ಕೊಳ್ಳೋರು ಯಾರು?

ಗುಂಪಿನೊಳಗೆ ಆಡೋದಕ್ಕೆ ನಮ್ಮ ಪದ್ಧತಿ ಹೇಳ್ತೀನಿ. ತೋಟ ಇರೋ ಫ್ರೆಂಡ್ ಮನೆಯಲ್ಲಿ ಒಪ್ಪಿಗೆ ತಗೊಂಡು ನಾಲ್ಕು ಡಬ್ಬಿ ಇಡ್ತಾನೆ, ನಂಬರ್ ಗ್ರೂಪ್‌ಗೆ ಹಾಕ್ತಾನೆ. ಒಂದರಲ್ಲಿ ಮುಂದಿನದರ ಸುಳಿವು ಇರತ್ತೆ. ರೈಟರಿಗೂ ಆಳುಗಳಿಗೂ ಮೊದಲೇ ಹೇಳಿರ್ತೀವಿ. ಬೆಳಿಗ್ಗೆ ಬಿಸಿಲು ಬಂದ್ಮೇಲೆ ಶುರು, ಸಂಜೆ ನಾಲ್ಕಕ್ಕೆ ಮನೆ ಅಂಗಳದಲ್ಲಿ ಇರಬೇಕು. ಮುಂದೆ ನಡೆಯೋವ್ನು ಫೋನ್ ನೋಡೋ ಹಾಗಿಲ್ಲ, ಎರಡನೆಯವನು ನೋಡಿ ದಾರಿ ಹೇಳ್ತಾನೆ. ಇಯರ್‌ಫೋನ್ ಯಾರೂ ಹಾಕೋ ಹಾಗಿಲ್ಲ, ಈ ಪಾಡ್‌ಕಾಸ್ಟ್ ಕೇಳೋಕೂ! ಊರಲ್ಲಿ ಸುಗ್ಗಿ ನಡೀತಾ ಇದ್ರೆ ಅದರದ್ದೇ ಕಟ್ಟುಪಾಡು ಇರತ್ತೆ, ಆ ವಾರ ಆಟ ಇಲ್ಲ.

ಕೈ ವಿಷಯ ಹುಷಾರು. ಡಬ್ಬಿ ಬಚ್ಚಿಡೋಕೆ ಚೆನ್ನಾಗಿರೋ ಜಾಗವೇ ಹಾವಿಗೂ ಚೆನ್ನಾಗಿರೋದು. ಕಲ್ಲು ಸಂದಿ, ಬೇರಿನ ಪೊಟರೆ, ದರಗಿನ ರಾಶಿಯಲ್ಲಿ ಡಬ್ಬಿ ಇಡೋದೇ ಬೇಡ. ಎದೆ ಎತ್ತರದಲ್ಲಿ, ಕಣ್ಣಿಗೆ ಕಾಣೋ ಕೊಂಬೆಗೆ ಕಟ್ಟಿ. ಹುತ್ತದ ಹತ್ರ ಅಂತೂ ಬೇಡವೇ ಬೇಡ, ಅದು ಪೂಜೆಯ ಜಾಗ. ಮಳೆಗಾಲದಲ್ಲಿ ಇಂಬಳ ಹತ್ತತ್ತೆ, ಪೇಟೆ ಕಡೆ ಜಿಗಣೆ ಅಂತಾರಲ್ಲ, ಅದೇ. ಉಪ್ಪು ಜೇಬಲ್ಲಿರಲಿ. ಪವರ್ ಬ್ಯಾಂಕ್, ನೀರು, ಒಂದು ಸೀಟಿ ಇರಲಿ. ತುರ್ತಾದ್ರೆ 112, ಕಾಡುಪ್ರಾಣಿ ವಿಷಯಕ್ಕೆ ಅರಣ್ಯ ಇಲಾಖೆ ಸಹಾಯವಾಣಿ 1926. ನೆಟ್‌ವರ್ಕ್ ಎಲ್ಲಿ ಸಿಗತ್ತೆ ಅಂತ ಮನೆಯವರನ್ನೇ ಕೇಳಿಟ್ಕೊಳ್ಳಿ, ಯಾವ ಬಂಡೆ ಮೇಲೆ ನಿಂತ್ರೆ ಟವರ್ ಸಿಗತ್ತೆ ಅನ್ನೋದು ಅವರಿಗೆ ಬಾಯಿಪಾಠ.

ಈ ಆಟಕ್ಕೆ ಒಂದು ಒಳ್ಳೇ ಅಭ್ಯಾಸ ಇದೆ. ಡಬ್ಬಿ ಹುಡ್ಕೊಂಡು ಹೋಗಿ, ಬರೋವಾಗ ದಾರಿಯಲ್ಲಿ ಸಿಕ್ಕ ಕಸ ಎತ್ಕೊಂಡು ಬರೋದು. ಪ್ರಪಂಚದಾದ್ಯಂತ ಆಡೋವ್ರು ಇದನ್ನ ಮಾಡ್ತಾರೆ. ವ್ಯೂ ಪಾಯಿಂಟ್‌ಗಳಲ್ಲಿ ಬಿದ್ದಿರೋ ಬಾಟಲ್, ಚಿಪ್ಸ್ ಪ್ಯಾಕೆಟ್ ನೋಡಿದವರಿಗೆ ಇದರ ಬೆಲೆ ಗೊತ್ತು. ಒಂದು ಗೋಣಿಚೀಲ ಗಾಡಿಯಲ್ಲಿಟ್ಕೊಂಡು ಹೋಗಿ.

ಶುರುವಲ್ಲಿ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಉಪಗ್ರಹ ನಮ್ಮನ್ನ ಬೇಲಿ ತನಕ ತಂದು ಬಿಡತ್ತೆ. ಬೇಲಿಯ ಗೇಟು ತೆಗೆಯೋವ್ರು ಊರಿನವರು. ಹಾಗಾಗಿ ಡಬ್ಬಿ ಹುಡುಕೋಕೆ ಮುಂಚೆ ಮನುಷ್ಯರನ್ನ ಹುಡುಕಿ. ವನಗೂರು ಕಡೆ ಹೋದ್ರೆ ಮೊದಲು ಕೂಡುರಸ್ತೆಯ ಹೋಟೆಲಿನಲ್ಲಿ ಕೂತು ಒಂದು ಕಾಫಿ ಕುಡೀರಿ, 'ಈ ಕಡೆ ಆನೆ ಇದ್ಯಾ ಅಣ್ಣ?' ಅಂತ ಕೇಳಿ. ಅಲ್ಲಿ ಸಿಗೋ ಮಾಹಿತಿ ಆಮೇಲಿನ ಎಲ್ಲಾ ಹೆಜ್ಜೆಗೂ ಬೇಕಾಗತ್ತೆ.

ನಿಮ್ಮ ಊರಿನ ಹತ್ರ ಅರ್ಥ್‌ಕ್ಯಾಶ್‌ಗೆ ಸರಿಹೊಂದೋ ಕಲ್ಲು, ಕೆರೆ, ಗುಡ್ಡ ಇದ್ರೆ ವಾಯ್ಸ್ ನೋಟ್ ಕಳಿಸಿ, ಅದಕ್ಕೆ ಕೇಳಬಹುದಾದ ಪ್ರಶ್ನೆಗಳನ್ನೂ ಸೇರಿಸಿ. ಲೊಕೇಶನ್ ಜೊತೆ ಅದು ಯಾರ ಜಾಗ ಅನ್ನೋದನ್ನೂ ಹೇಳಿ.